ಪುಟ್ಟ ಸ್ಟೇಜ್ ಮಾನಿಟರ್: ಚರ್ಚ್‌ನಲ್ಲಿ ಹಾಡುವವರು, ನುಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯಲ್ಲಿರುವ ನಮ್ಮ ಕನ್ನಡ ಸಭೆಗೆ ಸ್ವಂತ ಕಟ್ಟಡ ಇಲ್ಲ. ಒಂದೇ ಚರ್ಚ್‌ನಲ್ಲಿ ಬೆಳಿಗ್ಗೆ ಮರಾಠಿ ಆರಾಧನೆ, ಆಮೇಲೆ ತಮಿಳು, ಮಧ್ಯಾಹ್ನ ನಮ್ಮದು. ಹದಿನೈದು ನಿಮಿಷದಲ್ಲಿ ಸಾಮಾನು ಜೋಡಿಸಬೇಕು, ಮುಗಿದ ಮೇಲೆ ಅಷ್ಟೇ ಬೇಗ ಎತ್ತಬೇಕು. ನಾನು ಮೊದಲು ಕೀಬೋರ್ಡ್ ನುಡಿಸುತ್ತಿದ್ದೆ. ಮೈಕು, ವಾದ್ಯಗಳ ಸದ್ದನ್ನೆಲ್ಲ ಸೇರಿಸಿ ಹದ ಮಾಡುವ ಮಿಕ್ಸರ್ ನೋಡಿಕೊಳ್ಳುತ್ತಿದ್ದ ಹಿರಿಯರು ಬೀದರ್‌ಗೆ ವಾಪಸ್ ಹೋದ ಮೇಲೆ ಆ ಕುರ್ಚಿ ನನ್ನ ಪಾಲಿಗೆ ಬಂತು. ಆರಾಧನೆ ಮುಗಿದು ಚಹಾ ಕುಡಿಯುವಾಗ, ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಬೇರೆ ಸಭೆಗಳವರು ಮಾನಿಟರ್ ಸ್ಪೀಕರ್, ಅಂದರೆ ಹಾಡುವವರಿಗೆ, ನುಡಿಸುವವರಿಗೆ ತಮ್ಮ ಸದ್ದು ಕೇಳಲಿ ಅಂತ ಅವರ ಕಡೆ ಮುಖ ಮಾಡಿ ಇಡುವ ಸ್ಪೀಕರ್ ಬಗ್ಗೆ ಕೇಳುತ್ತಲೇ ಇರುತ್ತಾರೆ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

## ಮೊದಲಿನ ಪ್ರಶ್ನೆಗಳು

“ಮುಂದೆ ಅಷ್ಟು ದೊಡ್ಡ ಎರಡು ಬಾಕ್ಸ್ ಇವೆಯಲ್ಲ ಬ್ರದರ್, ಹಾಡುವವರಿಗೆ ಬೇರೆ ಯಾಕೆ?”

ಆ ಬಾಕ್ಸ್‌ಗಳ ಮುಖ ಜನರ ಕಡೆಗಿದೆ. ಹಾಡುವವರು ಅವುಗಳ ಬೆನ್ನ ಹಿಂದೆ ನಿಂತಿರುತ್ತಾರೆ. ಅವರಿಗೆ ಕೇಳುವುದು ಎರಡೇ: ಬಾಕ್ಸಿನ ಹಿಂದಿನಿಂದ ಬರುವ ಮಂದ ಗುಬುಗುಬು ಸದ್ದು, ಮತ್ತು ಎದುರು ಗೋಡೆಗೆ ಬಡಿದು ವಾಪಸ್ ಬಂದ ಸದ್ದು.

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹಾಲ್ 15 ಮೀಟರ್ ಉದ್ದ ಇದ್ದರೆ ಹೋಗಿ ಬರಲು 30 ಮೀಟರ್. ಅಂದರೆ ಸುಮಾರು 87 ಮಿಲಿಸೆಕೆಂಡ್ ತಡ. ಜೋರು ಭಜನೆಯಲ್ಲಿ ಇಷ್ಟು ತಡ ಸಾಕು, ಢೋಲಕ್ ಒಂದು ಕಡೆ, ಹಾಡು ಇನ್ನೊಂದು ಕಡೆ ಆಗುತ್ತದೆ. ಹಾಡುವವರು ತಡವಾಗಿ ಬಂದ ಸದ್ದಿಗೆ ಕಾಯುತ್ತಾರೆ, ಲಯ ಇಳಿಯುತ್ತದೆ. ಎತ್ತರದ ಚಾವಣಿಯ ಹಳೆ ಕಲ್ಲಿನ ಚರ್ಚ್‌ಗಳಲ್ಲಿ ಪ್ರತಿಧ್ವನಿಯೂ ಸೇರಿ ಇನ್ನೂ ಕಷ್ಟ.

ಮಾನಿಟರ್ ಒಂದು ಮೀಟರ್ ದೂರದಲ್ಲಿದ್ದರೆ ಸದ್ದು 3 ಮಿಲಿಸೆಕೆಂಡಿನಲ್ಲಿ ಕಿವಿಗೆ ಬರುತ್ತದೆ. ತನ್ನ ಸ್ವರ ತನಗೆ ಕೇಳಿದರೆ ಯಾರೂ ಕಿರುಚುವುದಿಲ್ಲ, ಶ್ರುತಿಯೂ ತಪ್ಪುವುದು ಕಡಿಮೆ. ಮಾನಿಟರ್ ಇರುವುದು ಸದ್ದು ಹೆಚ್ಚಿಸಲಿಕ್ಕಲ್ಲ, ಸದ್ದನ್ನು ಹತ್ತಿರ ತರಲಿಕ್ಕೆ. ಮುಂದಿನ ಅರ್ಧ ಉತ್ತರಗಳು ಇದೇ ಮಾತಿನಿಂದ ಹುಟ್ಟಿದವು.

“ಮನೇಲಿ ಒಳ್ಳೆ ಬ್ಲೂಟೂತ್ ಸ್ಪೀಕರ್ ಇದೆ. ಅದನ್ನೇ ಇಟ್ಟರೆ ಆಗಲ್ವಾ?”

ಬ್ಲೂಟೂತ್ ಮೇಲೆ ಆಗುವುದಿಲ್ಲ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು ನೂರು, ಇನ್ನೂರು ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಸಿನಿಮಾ ನೋಡುವಾಗ ಫೋನ್ ಅದನ್ನು ಸರಿಹೊಂದಿಸಿಕೊಳ್ಳುತ್ತದೆ, ಹಾಡುವವರ ಬಾಯಿ ಸರಿಹೊಂದಿಸಿಕೊಳ್ಳುವುದಿಲ್ಲ. ಅದೇ ಸ್ಪೀಕರ್‌ಗೆ ವೈರ್ ಚುಚ್ಚುವ ಜಾಗ ಇದ್ದರೆ ಮನೆಯ ಪ್ರಾರ್ಥನಾ ಕೂಟಕ್ಕೆ ನಡೆಯುತ್ತದೆ. ಆದರೆ ಪಾರ್ಟಿ ಸ್ಪೀಕರ್‌ಗಳು ಬೇಸ್ ಉಬ್ಬಿಸಿ ಕೇಳಿಸುತ್ತವೆ. ಹಾಡುವವರಿಗೆ ಬೇಕಾದ ಮಾತಿನ ಸ್ಪಷ್ಟತೆ ಅದರಡಿ ಮುಚ್ಚಿಹೋಗುತ್ತದೆ.

“ನಮ್ಮದು ನಲವತ್ತು ಜನರ ಸಭೆ. ನಿಜವಾಗ್ಲೂ ಬೇಕಾ, ಸುಮ್ನೆ ಖರ್ಚಾ?”

ಬೇಡ ಇರಬಹುದು. ಮೊದಲು ಕಾಸಿಲ್ಲದ ಉಪಾಯ ಮಾಡಿ ನೋಡಿ. ಕೀಬೋರ್ಡಿನವರನ್ನು ಹಾಡುವವರ ಪಕ್ಕಕ್ಕೆ ಕರೆಯಿರಿ. ಢೋಲಕ್ಕನ್ನು ಎರಡು ಹೆಜ್ಜೆ ಹಿಂದಕ್ಕೆ ಕಳಿಸಿ. ಎರಡು ಭಾನುವಾರ ಹೀಗೆ ನಡೆಸಿ. ಆಮೇಲೂ “ಏನೂ ಕೇಳ್ತಿಲ್ಲ” ಅಂತ ಬಂದರೆ ಖರ್ಚು ಮಾಡಿ.

## ಕೊಳ್ಳುವ ಮೊದಲು

“5 ಇಂಚಾ, 8 ಇಂಚಾ, 10 ಇಂಚಾ? ಅಂಗಡಿಯವರು 12 ಇಂಚೇ ತಗೊಳ್ಳಿ ಅಂತಾರೆ.”

ಅಂಗಡಿಯವರು ಅದನ್ನು ಲೋಕಲ್ ಟ್ರೇನಿನಲ್ಲಿ ಹೊತ್ತುಕೊಂಡು ಬರುವುದಿಲ್ಲ.

ನಿಮ್ಮ ಮಾನಿಟರ್‌ನಲ್ಲಿ ಏನು ಕೇಳಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ. ಇಂಚು ಅಂದರೆ ಒಳಗಿನ ಸ್ಪೀಕರ್ ಕೋನಿನ ಅಗಲ, ಪೆಟ್ಟಿಗೆಯದ್ದಲ್ಲ. ಬರೀ ದನಿ ಮತ್ತು ಗಿಟಾರ್ ಆದರೆ 5 ಇಂಚಿನ ಪೆಟ್ಟಿಗೆ ಸಾಕು. ಬೆಹ್ರಿಂಗರ್ ಬಿ205ಡಿ, ಮ್ಯಾಕಿ ಎಸ್‌ಆರ್‌ಎಂ150 ಈ ಜಾತಿಯವು. ಎರಡರಲ್ಲೂ 5.25 ಇಂಚಿನ ಸ್ಪೀಕರ್, 150 ವಾಟ್, ಒಳಗೇ ಒಂದು ಸಣ್ಣ ಮಿಕ್ಸರ್. ಬೆನ್ನಿನ ಚೀಲದಲ್ಲಿ ಹಿಡಿಯುತ್ತವೆ. ಮೈಕ್ ಸ್ಟ್ಯಾಂಡಿನ ಮೇಲೂ ಕೂರಿಸಬಹುದು.

ಕೀಬೋರ್ಡಿನ ಎಡಗೈ ಚೆನ್ನಾಗಿ ಕೇಳಬೇಕು ಅಂದರೆ 8 ಇಂಚಿಗೆ ಬನ್ನಿ. ನನ್ನ ಮಟ್ಟಿಗೆ ಸಣ್ಣ ಸಭೆಗೆ ಇದೇ ಹದವಾದ ಅಳತೆ. ಬೇಸ್ ಗಿಟಾರ್ ಇದ್ದರೆ ಮಾತ್ರ 10 ಇಂಚು ಯೋಚಿಸಿ. ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಅಷ್ಟು ಕೆಳಗಿನ ಸ್ವರವನ್ನು ಪುಟ್ಟ ಪೆಟ್ಟಿಗೆಯಿಂದ ಕೇಳಿದರೆ ಅದು ನಡುಗುತ್ತದೆ ಅಷ್ಟೇ, ಸ್ವರ ಬರುವುದಿಲ್ಲ.

ತೂಕ ನೋಡಿ. ಯಮಹಾ ಡಿಬಿಆರ್10 ಅನ್ನುವ 10 ಇಂಚಿನದ್ದು 10.5 ಕಿಲೋ. ಅದರ ವರ್ಗದಲ್ಲಿ ಇದು ಹಗುರವೇ. ಆದರೂ ಹಳಿ ರಿಪೇರಿಗೆ ಗಾಡಿ ಕಡಿಮೆ ಮಾಡುವ ಭಾನುವಾರದ ಮೆಗಾ ಬ್ಲಾಕ್ ಇರುವ ದಿನ, ಸ್ಲೋ ಗಾಡಿಯ ಲಗೇಜ್ ಡಬ್ಬಿಯಲ್ಲಿ ನಿಂತು, ಸೇತುವೆ ಹತ್ತಿ ಇಳಿದು ಬರುವಾಗ ಪ್ರತಿ ಕಿಲೋನೂ ಲೆಕ್ಕಕ್ಕೆ ಬರುತ್ತದೆ. ಹೊರುವುದು ಕಷ್ಟವಾದ ಸ್ಪೀಕರ್ ಮೂರನೇ ತಿಂಗಳಿಗೆ ಯಾರದ್ದೋ ಮನೆಯ ಮಂಚದ ಕೆಳಗೆ ಸೇರುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

“ಡಬ್ಬದ ಮೇಲೆ 1000 ವಾಟ್ ಅಂತ ಇದೆ. ಅದು ಜಾಸ್ತಿ ಒಳ್ಳೇದಲ್ವಾ?”

ಆ ಸಂಖ್ಯೆ ಬಹುಪಾಲು ಪೀಕ್ ವಾಟ್. ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಸಿಗುವ ಶಕ್ತಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಆರ್‌ಎಂಎಸ್ ಅಥವಾ ಕಂಟಿನ್ಯೂಯಸ್ ಅಂತ ಬರೆದಿರುತ್ತದೆ. ಒಂದೇ ಸಮ ಸಿಗುವ ಶಕ್ತಿ ಅದು, ಅದನ್ನು ಓದಿ.

ವಾಟ್ ಎರಡರಷ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ “ಹೂಂ, ಸ್ವಲ್ಪ ಜಾಸ್ತಿ ಆಯ್ತು” ಅನ್ನಿಸುವಷ್ಟು. ಕಿವಿಗೆ ಸದ್ದು ಎರಡರಷ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ವಾಟ್ ಹತ್ತರಷ್ಟು ಬೇಕು. ಇನ್ನೊಂದು ಕಡೆ, ಸ್ಪೀಕರನ್ನು ಎರಡು ಮೀಟರಿನಿಂದ ಒಂದು ಮೀಟರಿಗೆ ಎಳೆದರೆ ಬಯಲಿನ ಲೆಕ್ಕದಲ್ಲಿ 6 ಡೆಸಿಬಲ್ ಸಿಗುತ್ತದೆ. ಹಾಲ್ ಒಳಗೆ ಗೋಡೆಯ ಸದ್ದು ಸೇರುವುದರಿಂದ ಸ್ವಲ್ಪ ಕಡಿಮೆ ಇರಬಹುದು. ಆದರೂ ನಾಲ್ಕು ಪಟ್ಟು ವಾಟ್ ಕೊಂಡ ಲಾಭ ಒಂದು ಹೆಜ್ಜೆಯಲ್ಲಿ ಬಂತು, ಪುಕ್ಕಟೆ. ಅದಕ್ಕೇ ನಾನು ದೊಡ್ಡದನ್ನು ಕೊಳ್ಳಬೇಡಿ, ಹತ್ತಿರ ಇಡಿ ಅನ್ನುವುದು.

“ಚರ್ಚ್‌ನಲ್ಲಿ ಅಹುಜಾ ಆಂಪ್ಲಿಫೈಯರ್ ಇದೆ. ಅದಕ್ಕೇ ಒಂದು ಸ್ಪೀಕರ್ ಸೇರಿಸಿದರೆ ಮುಗೀತಲ್ಲ?”

ನಿಲ್ಲಿ, ಅವಸರ ಬೇಡ. ಗೋಡೆಯ ಮೇಲಿನ ಉದ್ದನೆಯ ಕಾಲಮ್ ಸ್ಪೀಕರ್‌ಗಳು ಸಾಮಾನ್ಯವಾಗಿ 100 ವೋಲ್ಟ್ ಲೈನಿನವು. ಪ್ರತಿ ಸ್ಪೀಕರ್ ಒಳಗೆ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. ಸ್ಟೇಜ್ ಸ್ಪೀಕರ್ 8 ಓಮ್‌ನದ್ದು, ಒಳಗೆ ಆ ಟ್ರಾನ್ಸ್‌ಫಾರ್ಮರ್ ಇಲ್ಲ. ಅದನ್ನು 100 ವೋಲ್ಟ್ ಲೈನಿಗೆ ಹಚ್ಚಿದರೆ ಸ್ಪೀಕರೋ ಆಂಪ್ಲಿಫೈಯರೋ, ಎರಡರಲ್ಲಿ ಒಂದು ಸುಡುತ್ತದೆ. ಇನ್ನೊಂದು ತೊಂದರೆಯೂ ಇದೆ. ಒಂದೇ ಆಂಪ್ಲಿಫೈಯರ್ ಅಂದರೆ ಜನರಿಗೆ ಕೇಳುವುದೇ ನಿಮಗೂ ಕೇಳುತ್ತದೆ, ಬೇರೆ ಹದ ಮಾಡಲು ಬರುವುದಿಲ್ಲ.

ಪವರ್ಡ್ ಮಾನಿಟರ್ ತಗೊಳ್ಳಿ. ಆಂಪ್ಲಿಫೈಯರ್ ಅದರೊಳಗೇ ಇರುತ್ತದೆ. ಮಿಕ್ಸರಿನಿಂದ ಒಂದು ಸಿಗ್ನಲ್ ಕೇಬಲ್, ಗೋಡೆಯಿಂದ ಒಂದು ಕರೆಂಟಿನ ವೈರ್, ಇಷ್ಟೇ. ಸ್ಟೇಜಿನ ಹತ್ತಿರ ಪ್ಲಗ್ ಪಾಯಿಂಟ್ ಇದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

“ಒಂದು ಸಾಕಾ? ಎಲ್ಲರಿಗೂ ಒಂದೊಂದು ಬೇಕಾ?”

ಮೊದಲು ಒಂದು. ಅದನ್ನು ಹಾಡು ಎತ್ತಿಕೊಡುವವರಿಗೆ ಕೊಡಿ. ಎರಡನೆಯದು ತಾಳ ಹಿಡಿಯುವವರಿಗೆ. ಮೂರನೆಯದರ ಮಾತು ಬಂದಾಗ ನಿಮ್ಮ ಮಿಕ್ಸರಿನಲ್ಲಿ ಅದಕ್ಕೆ ಬೇರೆ ಔಟ್‌ಪುಟ್ ಉಳಿದಿದೆಯಾ ನೋಡಿ. ಬಹುಶಃ ಇರುವುದಿಲ್ಲ.

“ಅಂಕಲ್, ಮುಂಬೈಯಲ್ಲಿ ಎಲ್ಲಿ ತಗೊಳ್ಳೋದು? ಅಂಗಡೀಲಿ ಏನು ನೋಡೋದು?”

ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಸಾಲು ಸಾಲು ಎಲೆಕ್ಟ್ರಾನಿಕ್ಸ್ ಅಂಗಡಿಗಳಿವೆ. ಧೋಬಿ ತಲಾವ್ ಕಡೆ ವಾದ್ಯದ ಅಂಗಡಿಗಳಿವೆ. ಲ್ಯಾಮಿಂಗ್ಟನ್ ರೋಡ್‌ನಲ್ಲಿ ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಹೋಗಿ. ಆನ್‌ಲೈನ್‌ನಲ್ಲಿ ಅಗ್ಗ ಸಿಗಬಹುದು, ಆದರೆ ಕೇಳಿ ನೋಡದೆ ಸ್ಪೀಕರ್ ಕೊಳ್ಳುವುದು ನನಗೆ ಒಗ್ಗುವುದಿಲ್ಲ.

ಅಂಗಡಿಯವರು ಥಳುಕಿನ ಹಾಡು ಹಾಕಿ ಕೇಳಿಸುತ್ತಾರೆ. ಅದಕ್ಕೆ ತಲೆ ಆಡಿಸಬೇಡಿ. ನಿಮ್ಮದೇ ಮೈಕ್ ಒಯ್ಯಿರಿ, ಹಾಡುವ ಒಬ್ಬರನ್ನೂ ಕರೆದುಕೊಂಡು ಹೋಗಿ. ನಾಲ್ಕು ಸಾಲು ಹಾಡಿಸಿ. ಪದಗಳು ಬಿಡಿಬಿಡಿಯಾಗಿ ಕೇಳುತ್ತವೆಯಾ? “ಸ”, “ಶ” ಚುಚ್ಚುತ್ತವೆಯಾ? ಆಮೇಲೆ ಎಲ್ಲಾ ವೈರ್ ತೆಗೆದು ವಾಲ್ಯೂಮ್ ಪೂರ್ತಿ ಏರಿಸಿ ಕಿವಿ ಹತ್ತಿರ ಇಡಿ. ಸ್ಸ್ ಅನ್ನುವ ಸದ್ದು ಸ್ವಲ್ಪ ಇದ್ದೇ ಇರುತ್ತದೆ. ಮಳೆ ಬಂದ ಹಾಗಿದ್ದರೆ ಬೇಡ. ಬಿಲ್ ಕೇಳಿ ತಗೊಳ್ಳಿ, ರಿಪೇರಿ ಮುಂಬೈಯಲ್ಲೇ ಆಗುತ್ತದಾ ಅಂತಲೂ ಕೇಳಿ. ಬಿಲ್ ಇಲ್ಲದೆ ಸ್ವಲ್ಪ ಕಡಿಮೆಗೆ ಕೊಡುತ್ತೇನೆ ಅಂದ ಒಬ್ಬರ ಮಾತು ಕೇಳಿ ನಾನು ಒಂದು ಸಲ ಕೈ ಸುಟ್ಟುಕೊಂಡಿದ್ದೇನೆ. ನಾಲ್ಕೇ ತಿಂಗಳಿಗೆ ಅದು ಮೂಕವಾಯಿತು, ನಾನೂ.

ಕೇಬಲ್ಲಿಗೆ, ಸ್ಟ್ಯಾಂಡಿಗೆ ದುಡ್ಡು ಎತ್ತಿಟ್ಟುಕೊಂಡೇ ಹೊರಡಿ. ಎಲ್ಲವನ್ನೂ ಸ್ಪೀಕರಿಗೆ ಸುರಿದು ಕೊನೆಗೆ ಅಗ್ಗದ ಕೇಬಲ್ ತಂದವರೇ ಜಾಸ್ತಿ.

“ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?”

ಬ್ಯಾಂಡಿನವರು ಮನೆಯೊಳಗೆ ಬಳಸಿದ್ದಾದರೆ ನೋಡಬಹುದು. ಬಾಡಿಗೆಗೆ ಓಡಾಡಿದ್ದು ಬೇಡ. ಹಿಂದಿನ ತಿರುಪುಗಳಲ್ಲಿ ತುಕ್ಕು ಕಂಡರೆ ವಾಪಸ್ ಬನ್ನಿ. ಸಮುದ್ರದ ಗಾಳಿ ತಿಂದ ಪೆಟ್ಟಿಗೆಯ ಒಳಗೂ ಅದೇ ತುಕ್ಕು ಇರುತ್ತದೆ.

## ತಂದಾಯ್ತು, ಈಗ ಜೋಡಿಸುವುದು

“ಮಿಕ್ಸರಿನಲ್ಲಿ ಎಲ್ಲಿಗೆ ಚುಚ್ಚಬೇಕು? ಮೇನ್ ಔಟ್‌ಗೆ ಹಾಕಿದ್ವಿ, ಸರಿ ಬರ್ತಿಲ್ಲ.”

ಆಕ್ಸ್ ಸೆಂಡ್ ಅಂತ ಒಂದು ಔಟ್‌ಪುಟ್ ಇರುತ್ತದೆ. ಅಲ್ಲಿಗೆ. ಪ್ರತಿ ಚಾನೆಲ್‌ನಲ್ಲೂ, ಅಂದರೆ ಒಂದೊಂದು ಮೈಕು, ವಾದ್ಯದ ಸಾಲಿನಲ್ಲೂ, ಆಕ್ಸ್ ಅನ್ನುವ ನಾಬ್ ಇದೆ. ಯಾರ ಸದ್ದು ಮಾನಿಟರ್‌ಗೆ ಎಷ್ಟು ಹೋಗಬೇಕು ಅನ್ನುವುದನ್ನು ಆ ನಾಬ್ ಹೇಳುತ್ತದೆ. ಜನರಿಗೆ ಹೋಗುವುದು ಫೇಡರ್, ಅಂದರೆ ಮೇಲೆ ಕೆಳಗೆ ಜಾರಿಸುವ ಗುಂಡಿಯ ಲೆಕ್ಕ, ನಿಮಗೆ ಬರುವುದು ಆಕ್ಸ್‌ನ ಲೆಕ್ಕ. ಒಂದೇ ಹಿಟ್ಟಿನಿಂದ ಎರಡು ಅಡುಗೆ.

ಇಲ್ಲಿ ಒಂದು ಗುಂಡಿ ಬಹಳ ಜನರನ್ನು ಸತಾಯಿಸಿದೆ: ಪ್ರೀ ಮತ್ತು ಪೋಸ್ಟ್. ಪ್ರೀ ಅಂದರೆ ಸದ್ದು ಫೇಡರ್ ದಾಟುವ ಮೊದಲೇ ಆಕ್ಸ್‌ಗೆ ಹೋಗುತ್ತದೆ, ಪೋಸ್ಟ್ ಅಂದರೆ ದಾಟಿದ ಮೇಲೆ. ಮಾನಿಟರ್‌ಗೆ ಯಾವಾಗಲೂ ಪ್ರೀ ಇರಲಿ. ಪೋಸ್ಟ್ ಇದ್ದರೆ ಜನರಿಗೆ ಸದ್ದು ಏರಿಸಿದಾಗಲೆಲ್ಲ ಮಾನಿಟರಿನಲ್ಲೂ ಏರುತ್ತದೆ, ತಕ್ಷಣ ಕೂಗು ಶುರು. ಸಣ್ಣ ಮಿಕ್ಸರ್‌ಗಳಲ್ಲಿ ಇರುವ ಒಂದೇ ಸೆಂಡ್ ಸಾಮಾನ್ಯವಾಗಿ ಎಕೋ ಥರದ ಎಫೆಕ್ಟ್‌ಗೆ ಅಂತ ಮೀಸಲಾಗಿದ್ದು, ಪೋಸ್ಟ್‌ನಲ್ಲೇ ಕಟ್ಟಿಹಾಕಿರುತ್ತದೆ. ಹೊಸ ಮಿಕ್ಸರ್ ಕೊಳ್ಳುವವರು ಚಾನೆಲ್ ಎಷ್ಟು ಅಂತ ಕೇಳುತ್ತಾರೆ, ಪ್ರೀ ಆಗುವ ಆಕ್ಸ್ ಎಷ್ಟು ಅಂತ ಕೇಳುವುದಿಲ್ಲ. ಎರಡನೆಯದೇ ಮುಖ್ಯ.

ಕೇಬಲ್ ಎಕ್ಸ್‌ಎಲ್‌ಆರ್ ಅಥವಾ ಟಿಆರ್‌ಎಸ್ ಇರಲಿ, ಅಂದರೆ ಬ್ಯಾಲೆನ್ಸ್ಡ್, ದಾರಿಯಲ್ಲಿ ಹೊರಗಿನ ಗದ್ದಲ ಹಿಡಿದುಕೊಳ್ಳದ ಜಾತಿ. ಮಾನಿಟರ್ ಹಿಂದೆ ಮೈಕ್ ಮತ್ತು ಲೈನ್ ಅಂತ ಸ್ವಿಚ್ ಇದ್ದರೆ ಲೈನ್‌ಗೆ ತಳ್ಳಿ. ಮೈಕ್‌ನಲ್ಲಿ ಬಿಟ್ಟರೆ ಸದ್ದು ಒಡೆದು ಬರುತ್ತದೆ, ಸ್ಪೀಕರ್ ಹಾಳಾಗಿದೆ ಅಂತ ಅಂಗಡಿಗೆ ಓಡುತ್ತೀರಿ.

“ಕುಂಯ್ಯ್ ಅಂತ ಕಿರುಚುತ್ತೆ! ಅಯ್ಯನವರು ಪ್ರಾರ್ಥನೆ ನಿಲ್ಲಿಸಿ ನನ್ನನ್ನೇ ನೋಡ್ತಾರೆ!”

ಎಲ್ಲರೂ ನೋಡುತ್ತಾರೆ, ಅಭ್ಯಾಸ ಮಾಡಿಕೊಳ್ಳಿ.

ಸ್ಪೀಕರಿನ ಸದ್ದು ಮೈಕಿಗೆ ಹೋಗಿ, ಮೈಕಿನಿಂದ ಮತ್ತೆ ಸ್ಪೀಕರಿಗೆ ಬಂದು, ಹೀಗೆ ಸುತ್ತು ಹೊಡೆಯುವುದೇ ಫೀಡ್‌ಬ್ಯಾಕ್. ಮೊದಲ ಔಷಧ ಸ್ಪೀಕರ್ ಇಡುವ ಜಾಗ. ಪ್ರತಿ ಹಾಡುವ ಮೈಕಿಗೂ ಕಿವುಡಾದ ಒಂದು ದಿಕ್ಕು ಇರುತ್ತದೆ. ಶೂರ್ ಎಸ್‌ಎಂ58 ಥರದ ಕಾರ್ಡಿಯಾಯ್ಡ್ ಮೈಕ್ ನೇರ ಹಿಂದಿನ ಸದ್ದಿಗೆ ಕಿವುಡು. ಹಾಗಾಗಿ ಮಾನಿಟರ್ ಮೈಕಿನ ಬಾಲದ ನೇರಕ್ಕೆ, ಹಾಡುವವರ ಎದುರಿಗೆ ಇರಬೇಕು. ಬೀಟಾ 58ಎ ಥರದ ಸೂಪರ್‌ಕಾರ್ಡಿಯಾಯ್ಡ್ ಮೈಕ್ ಹಿಂದಿನ ಸದ್ದನ್ನು ಸ್ವಲ್ಪ ಕೇಳುತ್ತದೆ. ಅದರ ಕಿವುಡು ಜಾಗ ಹಿಂಭಾಗದ ಎರಡು ಓರೆಗಳಲ್ಲಿದೆ, ಮುಖದಿಂದ ಸುಮಾರು 125 ಡಿಗ್ರಿಯಲ್ಲಿ. ಅಂಥ ಮೈಕಿಗೆ ಮಾನಿಟರನ್ನು ಎದುರಿನಿಂದ ಪಕ್ಕಕ್ಕೆ ಸರಿಸಿ ಇಡಿ. ದುಬಾರಿ ಮೈಕ್ ತಂದ ಮೇಲೆ ಕೂಗು ಹೆಚ್ಚಾಯಿತು ಅನ್ನುವವರ ಕಥೆ ಇಷ್ಟೇ.

ಸ್ಪೀಕರನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸುವುದು ಇನ್ನೊಂದು ಎಡವಟ್ಟು. ಕಿವಿ ಇರುವುದು ಮೊಣಕಾಲಿನಲ್ಲಲ್ಲ. ಹಿಂದಕ್ಕೆ ವಾಲಿಸಿ, ಮುಖದ ಕಡೆ ತಿರುಗಿಸಿ. ಮೈಕ್ ಸ್ಟ್ಯಾಂಡಿಗೆ ಕೂರಿಸುವುದಾದರೆ ಭಾರದ ತಳ ಇರುವ ಸ್ಟ್ಯಾಂಡ್ ಬೇಕು. ನಮ್ಮಲ್ಲಿ ಒಂದು ಈಸ್ಟರ್ ದಿನ ಸ್ಟ್ಯಾಂಡ್ ಸಮೇತ ಮಗುಚಿ ಬಿತ್ತು, ಪುಣ್ಯಕ್ಕೆ ಹೂಕುಂಡದ ಮೇಲೆ.

ಎರಡನೆಯದು, ತೆರೆದ ಮೈಕುಗಳು. ಮೈಕ್ ಸಂಖ್ಯೆ ಎರಡರಷ್ಟಾದರೆ ಕೂಗುವ ಮೊದಲು ಸಿಗುವ ಸದ್ದು 3 ಡೆಸಿಬಲ್ ಕಡಿಮೆಯಾಗುತ್ತದೆ. ಹಾಡದವರ ಮೈಕ್ ಮುಚ್ಚಿ. ಹುಡುಗರಿಗೆ ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ ಅನ್ನಿ. ಹಾಗೆ ಹಿಡಿದರೆ ಮೈಕಿನ ಕಿವುಡು ದಿಕ್ಕೇ ಇಲ್ಲವಾಗುತ್ತದೆ.

ಕೊನೆಗೆ ಇಕ್ಯೂ, ಅಂದರೆ ದಪ್ಪ ಸ್ವರ, ಸಣ್ಣ ಸ್ವರಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಏರಿಸಿ ಇಳಿಸುವ ಗುಂಡಿಗಳು. ಜನ ಬರುವ ಮೊದಲು ಆಕ್ಸ್ ಮಾಸ್ಟರನ್ನು, ಅಂದರೆ ಮಾನಿಟರ್‌ಗೆ ಹೋಗುವ ಒಟ್ಟು ಸದ್ದಿನ ನಾಬನ್ನು, ನಿಧಾನಕ್ಕೆ ಏರಿಸಿ. ಎಲ್ಲಿ ರಿಂಗಣಿಸಲು ಶುರುವಾಗುತ್ತದೋ ಆ ಪಟ್ಟಿಯನ್ನು 3 ರಿಂದ 6 ಡೆಸಿಬಲ್ ಇಳಿಸಿ. ಊಂ ಅಂದರೆ ಸಾಮಾನ್ಯವಾಗಿ 250–500 ಹರ್ಟ್ಸ್, ಕೀಂ ಅಂದರೆ 2000 ಹರ್ಟ್ಸ್‌ನ ಆಚೀಚೆ. ಎರಡು ಮೂರು ಕಡೆ ಇಳಿಸಿದ್ದು ಸಾಕು. ಹತ್ತು ಕಡೆ ಇಳಿಸಿದರೆ ಡಬ್ಬದೊಳಗೆ ಹಾಡಿದ ಹಾಗಾಗುತ್ತದೆ.

“ಕೂಗು ಇಲ್ಲ, ಆದರೆ ಗುಂಯ್ ಅಂತ ಒಂದೇ ಸಮ ಬರುತ್ತೆ.”

ಅದು ಕರೆಂಟಿನ 50 ಹರ್ಟ್ಸ್ ಮತ್ತು ಅದರ ದುಪ್ಪಟ್ಟು. ಮಿಕ್ಸರ್ ಒಂದು ಗೋಡೆಯ ಪ್ಲಗ್‌ನಲ್ಲಿ, ಮಾನಿಟರ್ ಇನ್ನೊಂದರಲ್ಲಿ ಇದ್ದಾಗ ಅರ್ತ್ ಎರಡು ದಾರಿ ಹಿಡಿಯುತ್ತದೆ, ಗುಂಯ್ ಅನ್ನುತ್ತದೆ. ಎರಡನ್ನೂ ಒಂದೇ ಕಡೆಯಿಂದ ಎಳೆಯಿರಿ. ಹಾಡಿನ ಸಾಲು ತೋರಿಸುವ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ, ಎಷ್ಟೋ ಸಲ ಕಳ್ಳ ಅಲ್ಲೇ ಇರುತ್ತಾನೆ. ಹೋಗದಿದ್ದರೆ ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಡಿಐ ಬಾಕ್ಸ್ ಅನ್ನುವ ಪುಟ್ಟ ಡಬ್ಬ ಹಾಕಿ, ಸಿಗ್ನಲ್ ಕೇಬಲ್ಲಿನ ಅರ್ತ್ ದಾರಿ ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಅದರಲ್ಲಿ ಇರಲಿ.

ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಉಪಾಯ ಹೇಳುವವರು ಸಿಗುತ್ತಾರೆ. ಮಾಡಬೇಡಿ. ಬೆವರಿದ ಕೈಯಲ್ಲಿ ಕಬ್ಬಿಣದ ಮೈಕ್ ಹಿಡಿದು ತುಟಿಗೆ ತಾಗಿಸುವವರ ಜೀವ ಆ ಪಿನ್ ಮೇಲೆ ನಿಂತಿದೆ.

“ನಮ್ಮಲ್ಲಿ ಹಾರ್ಮೋನಿಯಂ, ತಬಲಾ. ಕೂತು ನುಡಿಸೋರಿಗೆ ಹೇಗೆ?”

ಪುಟ್ಟ ಮಾನಿಟರ್ ನಿಜವಾಗಿ ಮೆರೆಯುವುದು ಇಲ್ಲೇ. ಚಾಪೆಯ ಮೇಲೆ ಕೂತವರ ಕಿವಿ ಅಂದಾಜು ಎರಡೂವರೆ ಅಡಿ ಎತ್ತರದಲ್ಲಿ ಇರುತ್ತದೆ. 5 ಇಂಚಿನ ಪೆಟ್ಟಿಗೆಯನ್ನು ಸಣ್ಣ ಮಣೆಯ ಮೇಲೆ ಇಟ್ಟು ಸ್ವಲ್ಪ ವಾಲಿಸಿದರೆ ನೇರ ಮುಖಕ್ಕೆ ಬರುತ್ತದೆ.

ತಬಲಾದವರಿಗೆ ತಬಲಾ ಕೊಡಬೇಡಿ, ಅದು ಅವರ ಮಡಿಲಲ್ಲೇ ಇದೆ. ಅವರಿಗೆ ಬೇಕಾದ್ದು ಹಾಡು ಮತ್ತು ಹಾರ್ಮೋನಿಯಂ. ತಬಲಾ ಸೇರಿಸಿದರೆ ಎಡಗೈಯ ಡಗ್ಗಾದ ಸದ್ದು ಮಾನಿಟರಿನಿಂದ ಮತ್ತೆ ಮೈಕಿಗೆ ನುಗ್ಗಿ ಗುಡುಗುತ್ತದೆ. ಮಿಕ್ಸರಿನಲ್ಲಿ ಹಾಡುವ ಮೈಕುಗಳ ಚಾನೆಲ್‌ಗೆ ಲೋ ಕಟ್ ಗುಂಡಿ ಒತ್ತಿಡಿ, ಅದು ಕೆಳಗಿನ ಗುಡುಗುಡು ಸದ್ದನ್ನು ಕತ್ತರಿಸುತ್ತದೆ. ಹಾರ್ಮೋನಿಯಂ ಮೈಕನ್ನು ವಾದ್ಯದಿಂದ ಒಂದು ಗೇಣು ದೂರ ಇಡಿ, ತಿದಿಯ ಉಸಿರಿನ ಸದ್ದು ಬಾರದ ಕಡೆಯಿಂದ.

“ಕ್ವಾಯರ್‌ನಲ್ಲಿ ಇಪ್ಪತ್ತು ಜನ. ಅವರಿಗೆ ಮಾನಿಟರ್‌ನಲ್ಲಿ ಏನು ಬಿಡಬೇಕು?”

ಕೀಬೋರ್ಡ್ ಮಾತ್ರ. ಕ್ವಾಯರಿನ ಮೈಕುಗಳನ್ನು ಕ್ವಾಯರಿನ ಮಾನಿಟರ್‌ಗೆ ಬಿಟ್ಟರೆ ಕೂಗು ತಪ್ಪಿದ್ದಲ್ಲ. ಅವರು ಒಬ್ಬರ ದನಿ ಒಬ್ಬರು ಪಕ್ಕದಲ್ಲೇ ಕೇಳಿಸಿಕೊಳ್ಳಲಿ.

## ಸ್ವಲ್ಪ ಮುಂದಿನವು

“ಎಲ್ಲರೂ ಈಗ ಕಿವಿಗೇ ಹಾಕ್ಕೊಳ್ತಾರಲ್ಲ, ಇನ್-ಇಯರ್. ನಾವು ನೇರ ಅದಕ್ಕೇ ಹೋಗೋಣ್ವಾ?”

ಡ್ರಮ್ಸ್ ಇರುವ ತಂಡಕ್ಕೆ ಅದು ಒಳ್ಳೆಯದೇ. ಸ್ಟೇಜಿನ ಗದ್ದಲ ಇಳಿಯುತ್ತದೆ, ಫೀಡ್‌ಬ್ಯಾಕ್ ಚಿಂತೆ ಇಲ್ಲ. ಆದರೆ ಪ್ರತಿಯೊಬ್ಬರಿಗೂ ಬೇರೆ ಮಿಕ್ಸ್ ಬೇಕು. ಬೆಹ್ರಿಂಗರ್ ಎಕ್ಸ್‌ಆರ್18 ಥರದ ಡಿಜಿಟಲ್ ಮಿಕ್ಸರಿನಲ್ಲಿ 6 ಆಕ್ಸ್ ಇವೆ. ಟ್ಯಾಬ್ ಮೇಲೆ ಒಬ್ಬೊಬ್ಬರ ಹದ ಮಾಡಬಹುದು. ನಿಮ್ಮ ಹಳೆಯ ಎರಡು ಆಕ್ಸ್ ಮಿಕ್ಸರಿನಲ್ಲಿ ಆಗುವುದಿಲ್ಲ.

ನನಗೆ ಒಂದು ತಕರಾರಿದೆ. ಕಿವಿ ಮುಚ್ಚಿದರೆ ಸಭೆ ಹಾಡುವುದು ಕೇಳುವುದಿಲ್ಲ. ನಮ್ಮ ಅಜ್ಜಿಯಂದಿರು ಎರಡನೇ ಚರಣಕ್ಕೆ ಎಳೆದು ಹಾಡುತ್ತಾರೆ, ಅವರಿಗಾಗಿ ಅರ್ಧ ಮಾತ್ರೆ ಕಾಯಬೇಕು. ಅದು ಕಿವಿಯಲ್ಲಿ ಬೀಳದಿದ್ದರೆ ಮುಂದಿರುವವರು ಮುಂದೆ ಹೋಗಿಬಿಡುತ್ತಾರೆ. ಹುಡುಗರು ಒಂದು ಕಿವಿಯದನ್ನು ತೆಗೆದು ಹಾಡುತ್ತಾರೆ. ಆಗ ಇನ್ನೊಂದು ಕಿವಿಗೆ ಸದ್ದು ಏರಿಸಿಕೊಳ್ಳುತ್ತಾರೆ, ಅದು ಅಪಾಯ. 85 ಡೆಸಿಬಲ್‌ನಲ್ಲಿ ಎಂಟು ಗಂಟೆ ತಡೆಯಬಹುದಾದ ಕಿವಿ, ಪ್ರತಿ 3 ಡೆಸಿಬಲ್‌ಗೆ ಅರ್ಧರ್ಧ ಹೊತ್ತು ಕಳೆದುಕೊಳ್ಳುತ್ತದೆ ಅನ್ನುವುದು ಕೆಲಸದ ಜಾಗಗಳಿಗೆ ಇಟ್ಟಿರುವ ಲೆಕ್ಕ. ಅಂದರೆ 100 ಡೆಸಿಬಲ್‌ಗೆ ಬರೀ ಕಾಲು ಗಂಟೆ.

“ಪಕ್ಕದ ಬಿಲ್ಡಿಂಗಿನವರು ಗಲಾಟೆ ಅಂತಾರೆ. ಮಾನಿಟರ್ ಸೇರಿದರೆ ಇನ್ನೂ ಜಾಸ್ತಿ ಆಗಲ್ವಾ?”

ತಿರುಗಾ ಮುರುಗಾ. ಹಾಡುವವರಿಗೆ ಕೇಳದಿದ್ದಾಗಲೇ ಮೇನ್ ಸ್ಪೀಕರ್ ಏರಿಸಿ ಅನ್ನುತ್ತಾರೆ. ಹತ್ತಿರದಲ್ಲೊಂದು ಪುಟ್ಟದು ಇದ್ದರೆ ಮೇನ್ ಇಳಿಸಬಹುದು. ನಾವು ಹಾಗೇ ಮಾಡಿದೆವು.

ಕಾನೂನು ಗೊತ್ತಿರಲಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10 ರಿಂದ ಬೆಳಿಗ್ಗೆ 6ರ ತನಕ ತೆರೆದ ಜಾಗದಲ್ಲಿ ಧ್ವನಿವರ್ಧಕ ಇಲ್ಲ. ಕ್ರಿಸ್ಮಸ್ ಕ್ಯಾರಲ್ಸ್‌ಗೆ ಸ್ಪೀಕರ್ ಹೊರಗೆ ಒಯ್ಯುವವರು ಗಡಿಯಾರ ನೋಡಿಕೊಳ್ಳಿ. ಧ್ವನಿವರ್ಧಕ ಧರ್ಮದ ಅವಿಭಾಜ್ಯ ಅಂಗ ಅಲ್ಲ ಅಂತ ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

“ಮಳೆಗಾಲದಲ್ಲಿ ಪ್ರತಿ ವರ್ಷ ಒಂದಲ್ಲ ಒಂದು ಕೆಡುತ್ತೆ. ಏನು ಮಾಡೋದು?”

ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರುವಿನಲ್ಲಿ ಮುಚ್ಚಿಟ್ಟದ್ದೇ ಬೇಗ ಕೆಡುವುದು. ವಾರಕ್ಕೊಮ್ಮೆ ಅರ್ಧ ಗಂಟೆ ಚಾಲೂ ಮಾಡಿ, ಒಳಗಿನ ಬಿಸಿಯೇ ತೇವ ಓಡಿಸುತ್ತದೆ. ಸಿಲಿಕಾ ಜೆಲ್ ಚೀಲ ಹಾಕಿ, ಹತ್ತಿ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಹೊದಿಕೆ ದಾರಿಗೆ ಮಾತ್ರ. ನೆನೆದು ಬಂದರೆ ಒರೆಸಿ, ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿ, ಆಮೇಲೆ ಪ್ಲಗ್. ನಾಬ್ ತಿರುಗಿಸಿದಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಸಾಕು.

“ಎಲ್ಲರೂ ‘ನನ್ನದು ಸ್ವಲ್ಪ ಜಾಸ್ತಿ ಮಾಡಿ’ ಅಂತಾರೆ. ಎಲ್ಲಿಗೆ ನಿಲ್ಲಿಸೋದು?”

ಇದನ್ನು ನಾನು ನಾಲ್ಕು ವರ್ಷ ತಪ್ಪು ಮಾಡಿ ಕಲಿತೆ. ಒಬ್ಬರದ್ದು ಏರಿಸಿದರೆ ಇನ್ನೊಬ್ಬರದ್ದು ಮುಳುಗುತ್ತದೆ, ಅವರೂ ಕೈ ಎತ್ತುತ್ತಾರೆ. ಮೂರನೇ ಹಾಡಿಗೆ ಪುಟ್ಟ ಸ್ಪೀಕರ್ ಗೊಗ್ಗರು ದನಿ ಹೊರಡಿಸುತ್ತಿರುತ್ತದೆ.

ಈಗ ನಾನು ಜಾಸ್ತಿ ಮಾಡುವುದಿಲ್ಲ, ಬೇರೆಯವರದ್ದು ಕಡಿಮೆ ಮಾಡುತ್ತೇನೆ. ಮಾನಿಟರ್‌ನಲ್ಲಿ ಮೂರೇ ಸದ್ದು: ಹಾಡು ಎತ್ತಿಕೊಡುವವರ ದನಿ, ಶ್ರುತಿಗೆ ಕೀಬೋರ್ಡ್, ಲಯಕ್ಕೆ ಬೇಕಿದ್ದರೆ ಢೋಲಕ್. ಎಫೆಕ್ಟ್ ಒಂದು ಚಿಟಿಕೆಯೂ ಇಲ್ಲ. ಹೋದ ಸಲ ನಮ್ಮ ಹಿರಿಯ ಗಾಯಕಿ ಆಂಟಿ ಮೊದಲ ಹಾಡಿಗೇ ಕೈ ಮೇಲೆ ಮಾಡಿದರು. ನಾನು ಕೀಬೋರ್ಡ್ ಮತ್ತು ಢೋಲಕ್‌ನ ಆಕ್ಸ್ ಸ್ವಲ್ಪ ಸ್ವಲ್ಪ ಇಳಿಸಿದೆ. ಅವರು ತಲೆಯಾಡಿಸಿ ಹಾಡು ಮುಂದುವರಿಸಿದರು. ನಾಬ್‌ಗಳು ಎಲ್ಲೆಲ್ಲಿವೆ ಅಂತ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡಿದ್ದೇನೆ, ಮುಂದಿನ ಭಾನುವಾರ ತಮಿಳು ಆರಾಧನೆಯವರು ಮಿಕ್ಸರ್ ಬಿಟ್ಟುಕೊಟ್ಟ ತಕ್ಷಣ ಅಲ್ಲಿಂದಲೇ ಶುರು ಮಾಡಬಹುದು.